ತಿರುಗುತ್ತಲೇ ನಿಲ್ಲಬೇಕಾದ ಗಾಲಿ

ಕಲಬುರಗಿ ಜಿಲ್ಲೆಯಲ್ಲಿ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳನ್ನು ಹಿಡಿದು ಚಿಂಚೋಳಿಯ ಕಡೆಗೆ ಒಂದು ಗೆರೆ ಎಳೆದರೆ, ಆ ಗೆರೆಯ ಅಡಿಯಲ್ಲಿ ಬಹುಪಾಲು ಸುಣ್ಣದ ಕಲ್ಲು ಮಲಗಿದೆ. ಮೇಲೆ ಎರೆಭೂಮಿ, ಅದರ ಮೇಲೆ ತೊಗರಿ. ಇಲ್ಲಿಂದ ಹೊರಗೆ ಹೋಗುವುದೆಲ್ಲ ಭಾರದ ಸರಕೇ: ಫರಸಿ, ಸಿಮೆಂಟು, ತೊಗರಿಯ ಚೀಲ. ಒಳಗೆ ಬರುವ ಕಲ್ಲಿದ್ದಲೂ ಭಾರವೇ. ಇಂಥ ಸೀಮೆಯ ಸಾಗಣೆಯ ಚರಿತ್ರೆ ಬರೆಯುವಾಗ ಎಳೆಯುವ ಶಕ್ತಿಯ ಕಥೆಯೇ ಮುಂದೆ ಬರುತ್ತದೆ. ಎತ್ತು, ಉಗಿ, ಡೀಸೆಲ್, ವಿದ್ಯುತ್ತು ಎಂದು ಅಧ್ಯಾಯಗಳು ಸಾಲುಗಟ್ಟುತ್ತವೆ. ಎಳೆದ ಭಾರವನ್ನು ನಿಲ್ಲಿಸಿದ್ದು ಹೇಗೆ ಎಂದು ಕೇಳುವವರು ಕಡಿಮೆ. ಕೇಳಿದರೆ ಬೇರೆಯದೇ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ. ಬ್ರೇಕು ಒತ್ತಿದಾಗ ಗಾಲಿ ಜಾಮ್ ಆಗದಂತೆ ಕಾಯುವ ವ್ಯವಸ್ಥೆ, ಅಂದರೆ ಈಗ ಎಲ್ಲರೂ ಎಬಿಎಸ್ ಎಂದು ಕರೆಯುವುದು, ಕಾರಿನ ಶೋರೂಮಿನಿಂದ ಈಚೆಗೆ ಬಂದ ಸವಲತ್ತು ಎಂದು ನಾವು ತಿಳಿದಿದ್ದೇವೆ. ಅದರ ಮೂಲ ಪ್ರಶ್ನೆಗೆ ಲೆಕ್ಕದ ಉತ್ತರ ಸಿಕ್ಕಿದ್ದು ರೈಲು ಹಳಿಯ ಮೇಲೆ, ಮತ್ತು ಆ ಹಳಿ ಈ ಊರುಗಳಿಗೆ ಬಂದು 150 ವರ್ಷ ದಾಟಿದೆ. ನನ್ನ ವಾದ ಇಷ್ಟು: ಈ ರಕ್ಷಣೆ ಜಾರುವ ಅಪಾಯ ಎಲ್ಲಿ ಹೆಚ್ಚೋ ಅಲ್ಲಿಗೆ ಮೊದಲು ಬರಲಿಲ್ಲ, ಗಾಲಿ ಮತ್ತು ಗಾಡಿ ಎಲ್ಲಿ ದುಬಾರಿಯೋ ಅಲ್ಲಿಗೆ ಮೊದಲು ಬಂತು. ತುಂಬಿಕೊಂಡು ಹೋಗಿ ಖಾಲಿಯಾಗಿ ಮರಳುವ ಫರಸಿ ಲಾರಿಗೂ ದೂಳಿನ ರಸ್ತೆಯ ಸಣ್ಣ ಬೈಕಿಗೂ ಅದು ಬಹಳ ತಡವಾಗಿ ಬಂದದ್ದು, ಕೆಲವಕ್ಕೆ ಇಂದಿಗೂ ಬಾರದೆ ಇರುವುದು, ಆ ಕ್ರಮದ ಫಲ.

ಮುಂಬೈಯಿಂದ ಹೊರಟ ಜಿಐಪಿ ರೈಲು ಮಾರ್ಗ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. ಮೂರು ವರ್ಷ ಕಳೆದು, 1874ರಲ್ಲಿ, ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ನಿಜಾಮನ ರೈಲು ಓಡತೊಡಗಿತು. ವಾಡಿ ಜಂಕ್ಷನ್ ಆದದ್ದು ಹೀಗೆ. ಆ ಕಾಲದ ರೈಲಿನಲ್ಲಿ ಡಬ್ಬಿ ಡಬ್ಬಿಗೂ ಬ್ರೇಕು ಇರುತ್ತಿರಲಿಲ್ಲ. ಎಂಜಿನ್ನಿನ ಟೆಂಡರಿನಲ್ಲಿ ಒಂದು, ಗಾರ್ಡಿನ ಬ್ರೇಕ್ ವ್ಯಾನಿನಲ್ಲಿ ಒಂದು, ಎರಡೂ ಕೈಯಿಂದ ತಿರುಗಿಸಿ ಬಿಗಿಯುವಂಥವು. ಡ್ರೈವರ್ ಸೀಟಿ ಹಾಕಿ ತಿಳಿಸಿದರೆ ಹಿಂದೆ ಗಾರ್ಡು ಹಿಡಿ ತಿರುಗಿಸಬೇಕು. ನಡುವಿನ ಡಬ್ಬಿಗಳೆಲ್ಲ ತಮ್ಮ ಭಾರದ ನೂಕಿಗೆ ಓಡಿ ಒಂದಕ್ಕೊಂದು ತಾಕಿ ನಿಲ್ಲಬೇಕು. ಸಿಕಂದರಾಬಾದಿನ ಕಡೆಗೆ ಏರುತ್ತ ಹೋಗುವ ಈ ಮಾರ್ಗದಲ್ಲಿ ಮರಳಿ ಇಳಿದು ಬರುವ ಗಾಡಿಗೆ ಇದ್ದ ಅಂಕೆ ಅಷ್ಟೇ. ಗಾರ್ಡು ಪೂರ್ತಿ ಬಿಗಿದರೆ ವ್ಯಾನಿನ ಗಾಲಿಗಳು ತಿರುಗುವುದನ್ನೇ ಬಿಟ್ಟು ಹಳಿಯ ಮೇಲೆ ಉಜ್ಜಿಕೊಂಡು ಹೋಗುವುದು ಜಗತ್ತಿನ ಎಲ್ಲ ರೈಲಿನಲ್ಲೂ ಕಾಣುತ್ತಿದ್ದ ಸಂಗತಿ. ಗಾಲಿ ಅಲುಗದಂತೆ ಹಿಡಿಯುವುದೇ ಒಳ್ಳೆಯ ಬ್ರೇಕಿನ ಗುರುತು ಎಂದು ಅನುಭವಸ್ಥರೂ ನಂಬಿದ್ದರು. ನಂಬಿಕೆ ಸಹಜವಾದದ್ದೇ, ನಿಂತ ಗಾಲಿ ಕಣ್ಣಿಗೆ ಹೆಚ್ಚು ಹಿಡಿತದಲ್ಲಿರುವಂತೆ ಕಾಣುತ್ತದೆ.

ಆ ನಂಬಿಕೆ ಮುರಿದದ್ದು ವಾಡಿಯ ಮಾರ್ಗ ತೆರೆದ ನಾಲ್ಕು ವರ್ಷಕ್ಕೆ, ಇಂಗ್ಲೆಂಡಿನಲ್ಲಿ. 1878ರಲ್ಲಿ ಕ್ಯಾಪ್ಟನ್ ಡಗ್ಲಸ್ ಗಾಲ್ಟನ್ ಮತ್ತು ಜಾರ್ಜ್ ವೆಸ್ಟಿಂಗ್‌ಹೌಸ್ ಸೇರಿ ಬ್ರೈಟನ್ ಮಾರ್ಗದಲ್ಲಿ, ಅಳೆಯುವ ಯಂತ್ರಗಳನ್ನು ಕೂರಿಸಿದ ಒಂದು ವ್ಯಾನನ್ನು ಓಡಿಸಿ ಬ್ರೇಕಿನ ಪರೀಕ್ಷೆ ನಡೆಸಿದರು. ಗಾಲಿಯನ್ನು ಒತ್ತುವ ಬಲ, ಹಳಿ ಹಿಂದಕ್ಕೆ ಎಳೆಯುವ ಬಲ, ಗಾಲಿ ಸುತ್ತುವ ವೇಗ, ಎಲ್ಲವನ್ನೂ ಕಾಗದದ ಮೇಲೆ ಗೆರೆಯಾಗಿ ಮೂಡಿಸಿದರು. ಎರಡು ಸತ್ಯ ಹೊರಬಂದವು. ಒಂದು, ಎರಕದ ಕಬ್ಬಿಣದ ಬ್ರೇಕ್ ಬ್ಲಾಕಿಗೂ ಗಾಲಿಗೂ ನಡುವಿನ ತಿಕ್ಕಾಟ ವೇಗ ಹೆಚ್ಚಿದಂತೆ ಕಡಿಮೆಯಾಗುತ್ತದೆ, ವೇಗ ಇಳಿದಂತೆ ಏರುತ್ತದೆ. ಆದ್ದರಿಂದ ಮೊದಲಿನ ಒತ್ತಡವನ್ನೇ ಕಡೆಯವರೆಗೆ ಹಿಡಿದರೆ ಗಾಡಿ ನಿಧಾನವಾಗುವ ಹೊತ್ತಿಗೆ ಗಾಲಿ ಜಾಮ್ ಆಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಜಾಮ್ ಆದ ಕ್ಷಣದಿಂದ ಗಾಡಿಯನ್ನು ತಡೆಯುವ ಬಲ ಹೆಚ್ಚುವ ಬದಲು ಕುಸಿಯುತ್ತದೆ. ತಿರುಗುತ್ತಿರುವ ಗಾಲಿ ಹಳಿಯನ್ನು ಹಿಡಿದುಕೊಂಡಿರುತ್ತದೆ. ನಿಂತ ಗಾಲಿ ಹಳಿಯ ಮೇಲೆ ಜಾರುವ ಬರಿಯ ಕಬ್ಬಿಣದ ತುಂಡು. ಬ್ರೇಕಿನ ಕೆಲಸ ಗಾಲಿಯನ್ನು ನಿಲ್ಲಿಸುವುದಲ್ಲ, ಗಾಡಿಯನ್ನು ನಿಲ್ಲಿಸುವುದು. ಅದಕ್ಕಾಗಿ ಗಾಲಿ ಕೊನೆಯವರೆಗೂ ತಿರುಗುತ್ತಿರಬೇಕು. ಮುಂದಿನ ನೂರು ವರ್ಷ ಬಂದ ಸಾಧನಗಳೆಲ್ಲ ಈ ಒಂದು ಫಲಿತಾಂಶದ ಮೇಲೆಯೇ ಕಟ್ಟಿದವು.

ಹಾಗಿದ್ದರೆ ಅಂಥ ಸಾಧನ ಈ ಮಾರ್ಗಕ್ಕೆ ಬರಲು ನೂರಕ್ಕಿಂತ ಹೆಚ್ಚು ವರ್ಷ ಏಕೆ ಹಿಡಿಯಿತು? ನಿರ್ಲಕ್ಷ್ಯ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಅನ್ಯಾಯವಾದೀತು. 1889ರಲ್ಲಿ ಐರ್ಲೆಂಡಿನ ಅರ್ಮಾ ಬಳಿ ಇಳಿಜಾರಿನಲ್ಲಿ ಬಿಟ್ಟುಹೋದ ಡಬ್ಬಿಗಳು ಹಿಂದಕ್ಕೆ ಓಡಿ ಹಿಂದಿನ ಗಾಡಿಗೆ ಬಡಿದು ಸುಮಾರು 80 ಜನ ಸತ್ತ ಮೇಲೆ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕ ಗಾಡಿಗಳಿಗೆ ಇಡೀ ಉದ್ದಕ್ಕೂ ತಾನೇ ಹಿಡಿಯುವ ಬ್ರೇಕನ್ನು ಕಡ್ಡಾಯ ಮಾಡಿತು. ಬ್ರಿಟನ್ನಿನಲ್ಲಿ ಬಹಳಷ್ಟು ಕಂಪನಿಗಳು ವ್ಯಾಕ್ಯೂಮ್ ಬ್ರೇಕನ್ನು ಆರಿಸಿಕೊಂಡವು. ಹಿಂದುಸ್ತಾನದ ರೈಲುಗಳಲ್ಲೂ ಅದೇ ನೆಲೆಯೂರಿತು. ಪೈಪಿನೊಳಗಿನ ಗಾಳಿಯನ್ನು ಹೀರಿ ತೆಗೆದಾಗ ಬ್ರೇಕು ಬಿಡುವುದು, ಗಾಳಿ ನುಗ್ಗಿದಾಗ ಹಿಡಿಯುವುದು ಅದರ ರೀತಿ. ಡಬ್ಬಿ ಕಳಚಿ ಪೈಪು ಹರಿದರೂ ತಾನೇ ಹಿಡಿಯುತ್ತದೆ, ಅದು ದೊಡ್ಡ ಗುಣ. ಆದರೆ ಅದರ ಬಲಕ್ಕೆ ಹುಟ್ಟಿನಿಂದಲೇ ಮಿತಿಯಿದೆ. ಎಂಜಿನ್ನಿನಲ್ಲಿ ಇಟ್ಟುಕೊಳ್ಳುವ 53 ಸೆಂಟಿಮೀಟರ್ ವ್ಯಾಕ್ಯೂಮ್ ಎಂದರೆ ಚದರ ಸೆಂಟಿಮೀಟರಿಗೆ 0.7 ಕಿಲೋದಷ್ಟು ಒತ್ತಡ ಮಾತ್ರ. ಉದ್ದದ ಗೂಡ್ಸ್ ಗಾಡಿಯ ಬಾಲದಲ್ಲಿ ಅದೂ ಇಳಿಯುತ್ತದೆ. ಇಷ್ಟು ಮೆತ್ತಗಿನ ಬ್ರೇಕು ಹಳಿ ಒದ್ದೆಯಿಲ್ಲದಾಗ ಗಾಲಿಯನ್ನು ಜಾಮ್ ಮಾಡುವುದೇ ಅಪರೂಪ. ಬ್ರೇಕು ದುರ್ಬಲವಾಗಿದ್ದುದರಿಂದ ಗಾಲ್ಟನ್ ಎತ್ತಿದ ಪ್ರಶ್ನೆ ಇಲ್ಲಿ ತುರ್ತಾಗಲಿಲ್ಲ. ಬೆಲೆ ಕೊಟ್ಟದ್ದು ದೂರದ ಲೆಕ್ಕದಲ್ಲಿ: ಗಾಡಿ ನಿಲ್ಲಲು ಉದ್ದ ಬೇಕು, ಅದಕ್ಕಾಗಿ ವೇಗಕ್ಕೆ ಕಡಿವಾಣ ಬೇಕು, ಸಿಗ್ನಲ್ಲು ಮುಂಚೆಯೇ ಕಾಣಬೇಕು.

ಹಳಿಯ ಮೇಲಿನ ಹಿಡಿತ ಎಷ್ಟು ಕಡಿಮೆ ಎಂಬುದನ್ನು ಅಂಕೆಯಲ್ಲಿ ನೋಡಬೇಕು. ಒಣ ಡಾಂಬರಿನ ಮೇಲೆ ರಬ್ಬರ್ ಟೈರು ತನ್ನ ಮೇಲಿನ ಭಾರದ ಮುಕ್ಕಾಲು ಪಾಲಿನಷ್ಟು ತಡೆ ಕೊಡಬಲ್ಲದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಒಣಗಿದ್ದಾಗಲೂ ಕಾಲು ಪಾಲಿನ ಆಸುಪಾಸು. ಮಂಜು, ಎಣ್ಣೆ, ತುಂತುರು ಬಿದ್ದರೆ ಹತ್ತನೇ ಒಂದಕ್ಕಿಂತ ಕೆಳಗೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಗಾಡಿಗೆ ಹತ್ತನೇ ಒಂದು ಪಾಲಿನ ತಡೆ ಸಿಕ್ಕರೆ ನಿಲ್ಲಲು ಸುಮಾರು 390 ಮೀಟರ್ ಬೇಕು. ಅದೇ ವೇಗದ ಕಾರಿಗೆ ಒಣ ರಸ್ತೆಯಲ್ಲಿ 60 ಮೀಟರ್ ಸಾಕು. ಸುಣ್ಣದ ಕಲ್ಲಿನ ನುಣ್ಣನೆಯ ದೂಳು ಹಳಿಯ ಮೇಲೆ ಕೂತು ಇಬ್ಬನಿಗೆ ನೆಂದರೆ ತೆಳುವಾದ ಲೇಪವಾಗುತ್ತದೆ. ಎಂಜಿನ್ನುಗಳು ಹಳಿಗೆ ಮರಳು ಸುರಿಯುವ ಪೆಟ್ಟಿಗೆಯನ್ನು ಹೊತ್ತು ಓಡುವುದು ಇಂಥ ಕಡೆ ಹಿಡಿತ ಗಿಟ್ಟಿಸಲಿಕ್ಕೇ. ಜಾರಿದ ಗಾಲಿಗೆ ತಗಲುವ ಪೆಟ್ಟು ಇನ್ನೊಂದು. ಉಜ್ಜಿದ ಜಾಗ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಗಾಲಿ ಮತ್ತೆ ತಿರುಗಿದೊಡನೆ ತಣ್ಣಗಾಗಿ ಪೆಡಸಾಗುತ್ತದೆ, ಆಮೇಲೆ ಅಲ್ಲಿಂದ ಚೂರು ಏಳುತ್ತದೆ. ದುಂಡನೆಯ ಗಾಲಿಯಲ್ಲಿ ಹೀಗೆ ಚಪ್ಪಟೆ ಬಿದ್ದರೆ ಅದು ಪ್ರತಿ ಸುತ್ತಿಗೂ ಹಳಿಯನ್ನು ಸುತ್ತಿಗೆಯಂತೆ ಬಡಿಯುತ್ತದೆ. ನಮ್ಮ ರೈಲ್ವೆಯ ನಿಯಮದಲ್ಲಿ ಪ್ರಯಾಣಿಕ ಡಬ್ಬಿಯ ಗಾಲಿಗೆ 50 ಮಿಲಿಮೀಟರ್, ಗೂಡ್ಸ್ ವ್ಯಾಗನ್ನಿಗೆ 60 ಮಿಲಿಮೀಟರ್ ಚಪ್ಪಟೆಯೇ ಕೊನೆಯ ಮಿತಿ. ದಾಟಿದರೆ ಗಾಲಿಯನ್ನು ತೆಗೆದು ಲೇತಿನ ಮೇಲೆ ಮತ್ತೆ ದುಂಡಗೆ ಕೊರೆಯಬೇಕು. ಗಾಲಿಗೆ ಪೆಟ್ಟು, ಹಳಿಗೆ ಪೆಟ್ಟು, ಬೇರಿಂಗಿಗೆ ಪೆಟ್ಟು. ಈ ಖರ್ಚಿನ ಲೆಕ್ಕವೇ ಜಾರುವಿಕೆಯನ್ನು ಪತ್ತೆ ಹಚ್ಚುವ ಯಂತ್ರಗಳನ್ನು ಮೊದಲು ಬೇಡಿದ್ದು.

ಗಾಲಿ ಜಾಮ್ ಆಗುವ ಮುಂಚೆಯೇ ಅದು ಆಗಲಿದೆ ಎಂದು ತಿಳಿಯುವುದು ಹೇಗೆ? ಕಂಪ್ಯೂಟರು ಇಲ್ಲದ ಕಾಲದಲ್ಲಿ ಇದಕ್ಕೆ ಸಿಕ್ಕ ಉತ್ತರ ನನಗೆ ಇಡೀ ಚರಿತ್ರೆಯ ಅತ್ಯಂತ ಚೆಲುವಾದ ಭಾಗವೆನಿಸುತ್ತದೆ. ಗಾಲಿಯ ಜೊತೆಗೆ ಸುತ್ತುವ ಒಂದು ಭಾರದ ಬಿಲ್ಲೆಯನ್ನು ಸಡಿಲವಾಗಿ ಕೂಡಿಸಿದರು. ಗಾಲಿ ಎಂದಿನಂತೆ ನಿಧಾನವಾದರೆ ಬಿಲ್ಲೆಯೂ ಅದರೊಡನೆ ನಿಧಾನವಾಗುತ್ತದೆ. ಗಾಲಿ ತಟ್ಟನೆ ಕುಸಿದರೆ ಬಿಲ್ಲೆ ತನ್ನ ಓಟದ ಜೋರಿಗೆ ಮುಂದಕ್ಕೆ ಹೊರಳುತ್ತದೆ, ಆ ಹೊರಳಿಕೆಯೇ ಒಂದು ಕವಾಟವನ್ನು ತೆರೆದು ಬ್ರೇಕಿನ ಒತ್ತಡವನ್ನು ಹೊರಬಿಡುತ್ತದೆ. ಗಾಲಿ ಚೇತರಿಸಿಕೊಂಡು ಬಿಲ್ಲೆಯನ್ನು ಹಿಡಿದ ಕೂಡಲೇ ಕವಾಟ ಮುಚ್ಚಿ ಬ್ರೇಕು ಮತ್ತೆ ಹಿಡಿಯುತ್ತದೆ. 1940ರ ದಶಕದ ಹೊತ್ತಿಗೆ ಅಮೆರಿಕದ ವೇಗದ ಪ್ರಯಾಣಿಕ ಗಾಡಿಗಳಲ್ಲಿ ಜಾರುವಿಕೆಯನ್ನು ತಡೆಯುವ ಯಂತ್ರಗಳು ಬಂದಿದ್ದವು. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಡನ್‌ಲಪ್ ಕಂಪನಿ ಮ್ಯಾಕ್ಸರೆಟ್ ಎಂಬ ಹೆಸರಿನಲ್ಲಿ ಈ ಬಿಲ್ಲೆಯ ತತ್ವವನ್ನು ವಿಮಾನದ ಗಾಲಿಗೆ ಹಾಕಿತು. ವಿಮಾನದ ಟೈರು ಒಂದು ಜಾರುವಿಕೆಗೆ ಸವೆದು ಒಡೆಯುತ್ತದೆ, ಅದರ ಬೆಲೆಯೂ ಹೆಚ್ಚು, ರನ್‌ವೇಯ ಉದ್ದವೂ ಎಣಿಕೆಯದು. ಹೀಗೆ ದುಬಾರಿ ಗಾಲಿಗಳು ಮೊದಲು ರಕ್ಷಣೆ ಪಡೆದವು. ಮೋಟಾರು ಗಾಡಿಯ ಗಾಲಿ ಜಾಮ್ ಆಗದಂತೆ ತಡೆಯುವ ಸಾಧನಕ್ಕೆ ಬಾಷ್ ಕಂಪನಿ 1936ರಲ್ಲೇ ಪೇಟೆಂಟು ಪಡೆದಿತ್ತು; ಅದು ಮಾರಾಟದ ಕಾರಿನಲ್ಲಿ ನಂಬುವಂತೆ ಕೆಲಸ ಮಾಡಿದ್ದು 1978ರಲ್ಲಿ, ಮರ್ಸಿಡಿಸ್‌ನ ಎಸ್ ಕ್ಲಾಸಿನಲ್ಲಿ. ಅಲ್ಲೂ ಮೊದಲ ಗಿರಾಕಿ ಸಿರಿವಂತನೇ.

ಆ ನಡುವಿನ ನಾಲ್ಕು ದಶಕದ ಅಂತರ ತುಂಬಿದ್ದು ಎಲೆಕ್ಟ್ರಾನಿಕ್ಸು. ಗಾಲಿಯ ಜೊತೆ ಸುತ್ತುವ ಹಲ್ಲಿನ ಉಂಗುರ, ಅದರ ಎದುರಿಗೆ ಒಂದು ಮಿಲಿಮೀಟರಿನಷ್ಟು ಅಂತರದಲ್ಲಿ ಕೂತ ಸೆನ್ಸರು. ಹಳೆಯ ಬಗೆಯ ಸೆನ್ಸರಿನಲ್ಲಿ ಒಂದು ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಹಲ್ಲು, ಸಂದು, ಹಲ್ಲು, ಸಂದು ಎಂದು ಉಂಗುರ ಹಾದುಹೋಗುವಾಗ ಸುರುಳಿಯಲ್ಲಿ ವಿದ್ಯುತ್ತು ಏರಿಳಿಯುತ್ತದೆ. ಸೆಕೆಂಡಿಗೆ ಎಷ್ಟು ಏರಿಳಿತ ಎಂದು ಎಣಿಸಿದರೆ ಗಾಲಿಯ ವೇಗ ಸಿಗುತ್ತದೆ. ಗಾಲಿ ತೀರ ನಿಧಾನವಾದರೆ ಈ ಅಲೆ ಮಾಯವಾಗುತ್ತದೆ; ಹೊಸ ಬಗೆಯ ಸೆನ್ಸರುಗಳು ಆಮೆಯ ವೇಗವನ್ನೂ ಗುರುತಿಸುತ್ತವೆ. ಎಣಿಸುವುದು ಸುಲಭದ ಪಾಲು. ಕಷ್ಟವಿರುವುದು ಗಾಡಿಯ ನಿಜವಾದ ವೇಗ ತಿಳಿಯುವುದರಲ್ಲಿ, ಏಕೆಂದರೆ ಎಲ್ಲ ಗಾಲಿಗಳೂ ಸ್ವಲ್ಪ ಸ್ವಲ್ಪ ಜಾರುತ್ತಿದ್ದರೆ ಯಾರ ಮಾತು ನಂಬಬೇಕು? ನಾಲ್ಕೂ ಗಾಲಿಗಳ ಲೆಕ್ಕ ನೋಡಿ, ಗಾಡಿಯೆಂಬುದು ಇಷ್ಟಕ್ಕಿಂತ ಬೇಗ ನಿಧಾನವಾಗಲಾರದು ಎಂಬ ಮಿತಿಯನ್ನಿಟ್ಟು, ಯಂತ್ರ ಒಂದು ವೇಗವನ್ನು ಅಂದಾಜಿಸುತ್ತದೆ. ಯಾವ ಗಾಲಿ ಆ ಅಂದಾಜಿಗಿಂತ ತೀರ ಹಿಂದೆ ಬಿದ್ದಿತೋ, ಅಥವಾ ನಂಬಲಾಗದ ತ್ವರೆಯಲ್ಲಿ ಕುಸಿಯಿತೋ, ಆ ಗಾಲಿಯ ಬ್ರೇಕಿನ ಒತ್ತಡವನ್ನು ಮೊದಲು ಏರದಂತೆ ತಡೆಯುತ್ತದೆ, ಸಾಲದಿದ್ದರೆ ಇಳಿಸುತ್ತದೆ, ಗಾಲಿ ಚೇತರಿಸಿಕೊಂಡ ಮೇಲೆ ಮತ್ತೆ ಏರಿಸುತ್ತದೆ. ಒಂದು ಸೆಕೆಂಡಿನಲ್ಲಿ ಇದು ಹಲವು ಸಲ ನಡೆಯುತ್ತದೆ. ರಸ್ತೆಯ ಮೇಲೆ ಟೈರಿನ ಹಿಡಿತ ಅತಿ ಹೆಚ್ಚಾಗಿರುವುದು ಗಾಲಿ ಗಾಡಿಗಿಂತ 10ರಿಂದ 30 ಪ್ರತಿಶತ ನಿಧಾನವಾಗಿ ಸುತ್ತುತ್ತಿರುವಾಗ. ಗಾಲಿಯನ್ನು ಆ ಇಕ್ಕಟ್ಟಿನ ಪಟ್ಟಿಯೊಳಗೆ ಇಟ್ಟುಕೊಳ್ಳುವುದೇ ಇಷ್ಟೆಲ್ಲ ಎಣಿಕೆಯ ಉದ್ದೇಶ.

ವಾಡಿ ಜಂಕ್ಷನ್ನಿಗೆ ಈ ಎಣಿಕೆ ಬಂದದ್ದು ಎಲ್‌ಎಚ್‌ಬಿ ಡಬ್ಬಿಗಳ ಜೊತೆ. ಅದಕ್ಕೂ ಮುಂಚೆ, 1980ರ ದಶಕದಿಂದ, ನಮ್ಮ ರೈಲ್ವೆ ವ್ಯಾಕ್ಯೂಮ್ ಬಿಟ್ಟು ಏರ್ ಬ್ರೇಕಿನ ಕಡೆ ಹೊರಳಿತ್ತು. ಬ್ರೇಕ್ ಸಿಲಿಂಡರಿನೊಳಗಿನ ಒತ್ತಡ 0.7ರ ಬದಲು 3.8 ಕಿಲೋ ಆಯಿತು. 2000ದ ಸುಮಾರಿಗೆ ಜರ್ಮನಿಯಿಂದ ಬಂದು ಆಮೇಲೆ ಇಲ್ಲಿಯೇ ತಯಾರಾದ ಎಲ್‌ಎಚ್‌ಬಿ ಡಬ್ಬಿಯಲ್ಲಿ ಗಾಲಿಯ ಅಂಚನ್ನು ಒತ್ತುವ ಬ್ಲಾಕಿನ ಜಾಗಕ್ಕೆ ಆಕ್ಸಲಿನ ಮೇಲೆ ಕೂತ ಡಿಸ್ಕು ಬಂತು. ಇಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಬ್ಲಾಕು ಒತ್ತಿದಾಗಲೆಲ್ಲ ಗಾಲಿಯ ಮೈಯ ಜಿಡ್ಡು ಕೆರೆದುಹೋಗುತ್ತಿತ್ತು, ಹಿಡಿತಕ್ಕೆ ಅದೇ ಒಂದು ನೆರವಾಗಿತ್ತು. ಡಿಸ್ಕು ಗಾಲಿಯ ಮೈ ಮುಟ್ಟುವುದೇ ಇಲ್ಲ. ಬ್ರೇಕು ಬಲವಾಯಿತು, ಗಾಲಿಯ ಮೈ ಜಿಡ್ಡಾಗಿಯೇ ಉಳಿಯಿತು, ಜಾರುವ ಸಂಭವ ಎರಡು ಕಡೆಯಿಂದ ಹೆಚ್ಚಿತು. ಆದ್ದರಿಂದ ನಾಲ್ಕು ಆಕ್ಸಲಿಗೂ ಒಂದೊಂದು ಸೆನ್ಸರು, ಒಂದೊಂದು ಗಾಳಿ ಬಿಡುವ ಕವಾಟ, ಡಬ್ಬಿಗೊಂದು ಕಂಪ್ಯೂಟರು ಬೇಕೇ ಬೇಕಾದವು. ಹಲ್ಲಿನ ಉಂಗುರಕ್ಕೆ 80 ಹಲ್ಲು ಎಂದು ಹಿಡಿಯೋಣ. 915 ಮಿಲಿಮೀಟರ್ ಅಡ್ಡಳತೆಯ ಹೊಸ ಗಾಲಿ ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಸುತ್ತು ಹಾಕುತ್ತದೆ. ಸೆನ್ಸರಿಗೆ ಸೆಕೆಂಡಿಗೆ ಸಾವಿರ ಮಿಡಿತ ತಲುಪುತ್ತವೆ. ಒಂದು ಗಾಲಿ ಉಳಿದವುಗಳಿಗಿಂತ ಹಿಂದೆ ಬಿದ್ದರೆ ಅಷ್ಟರಲ್ಲೇ ಗೊತ್ತಾಗುತ್ತದೆ. 2024ರ ಮಾರ್ಚಿನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಹೊರಟ ವಂದೇ ಭಾರತ್ ಶಹಾಬಾದ್, ವಾಡಿಗಳನ್ನು ದಾಟಿ ಹೋಗುವಾಗ ಅದರ ಗಾಲಿಗಳಿಗೂ ಇಂಥದೇ ಕಾವಲಿದೆ.

ಅದೇ ಯಾರ್ಡಿನಲ್ಲಿ ಪಕ್ಕದ ಹಳಿಯ ಮೇಲೆ ನಿಂತ ಸಿಮೆಂಟಿನ ರೇಕಿಗೆ, ಕಲ್ಲಿದ್ದಲಿನ ರೇಕಿಗೆ ಈ ಕಾವಲು ಇಲ್ಲ. 1920ರ ದಶಕದ ಶಹಾಬಾದ್ ಸಿಮೆಂಟು, 1968ರ ವಾಡಿಯ ಎಸಿಸಿ, ಕುರಕುಂಟಾದ ಸರಕಾರಿ ಕಾರ್ಖಾನೆ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಎಂದು ಬೆಳೆದ ಇಲ್ಲಿನ ಉದ್ಯಮದ ಹೊರೆ ಹೊತ್ತದ್ದು ಪ್ರಯಾಣಿಕ ಡಬ್ಬಿಗಳಲ್ಲ, ವ್ಯಾಗನ್ನುಗಳು. ಗೂಡ್ಸಿನ ನಿಜವಾದ ತೊಡಕು ಭಾರ ಬದಲಾಗುವುದು. ಬಾಕ್ಸ್‌ಎನ್ ವ್ಯಾಗನ್ ಖಾಲಿಯಿದ್ದಾಗ 22 ಟನ್ನಿನ ಆಸುಪಾಸು, ಕಲ್ಲಿದ್ದಲು ತುಂಬಿದಾಗ 81 ಟನ್. ತುಂಬಿದ ಗಾಡಿಯನ್ನು ತಡೆಯುವಷ್ಟು ಒತ್ತಿದರೆ ಖಾಲಿ ಗಾಡಿಯ ಗಾಲಿ ಜಾಮ್ ಆಗುತ್ತದೆ. ಖಾಲಿ ಗಾಡಿಗೆ ಸರಿಹೋಗುವಷ್ಟು ಒತ್ತಿದರೆ ತುಂಬಿದ್ದು ನಿಲ್ಲುವುದಿಲ್ಲ. ಇದಕ್ಕೆ ರೈಲ್ವೆ ಮಾಡಿದ ಉಪಾಯ ವ್ಯಾಗನ್ನಿನ ಮಗ್ಗುಲಿಗೆ ಒಂದು ಹಿಡಿಕೆ: ಖಾಲಿ ಎಂದಿದ್ದರೆ ಒಂದು ಕಡೆ, ತುಂಬಿದೆ ಎಂದಿದ್ದರೆ ಇನ್ನೊಂದು ಕಡೆ. ಸಿಬ್ಬಂದಿ ಮರೆತರೆ ಗಾಲಿ ಚಪ್ಪಟೆಯಾಗುತ್ತದೆ, ಇಲ್ಲವೇ ಗಾಡಿ ನಿಲ್ಲುವುದಿಲ್ಲ. ಹೊಸ ವ್ಯಾಗನ್ನುಗಳಲ್ಲಿ ಭಾರವನ್ನು ತಾನೇ ಅಳೆದು ಒತ್ತಡ ಬದಲಿಸುವ ಸಾಧನ ಬಂದಿದೆ. ಇದನ್ನು ನನ್ನ ವಾದದ ವಿರುದ್ಧ ಒಬ್ಬರು ಎತ್ತಿ ಹಿಡಿಯಬಹುದು: ಗೂಡ್ಸ್ ಗಾಡಿ ಸೆನ್ಸರು ಇಲ್ಲದೆಯೇ ಇಷ್ಟು ವರ್ಷ ನಡೆದಿದೆಯಲ್ಲ, ಬರಿಯ ಹಿಡಿಕೆಯಿಂದ ಆಗುವ ಕೆಲಸಕ್ಕೆ ಕಂಪ್ಯೂಟರು ಏಕೆ? ಹಳಿಯ ಮಟ್ಟಿಗೆ ಮಾತು ಸರಿ. ಹಳಿಯ ಮೇಲೆ ಜಾರಿದ ಗಾಡಿ ಪಕ್ಕಕ್ಕೆ ಹೋಗಲಾರದು, ಎದುರಿಗೆ ಯಾರೂ ನುಗ್ಗುವುದಿಲ್ಲ, ಮುಂದಿನ ದಾರಿ ಖಾಲಿಯಿದೆ ಎಂದು ಸಿಗ್ನಲ್ಲು ಮಾತು ಕೊಟ್ಟಿರುತ್ತದೆ. ಈ ಮೂರರಲ್ಲಿ ಒಂದೂ ರಸ್ತೆಯಲ್ಲಿಲ್ಲ.

ರಸ್ತೆಯ ಚರಿತ್ರೆಯೂ ಇಲ್ಲಿ ರೈಲಿನ ಮನೆಯಿಂದಲೇ ಹೊರಟಿತು. 1930ರಲ್ಲಿ ರೈಲು ಮಾರ್ಗಗಳನ್ನು ತನ್ನ ಕೈಗೆ ತೆಗೆದುಕೊಂಡ ನಿಜಾಮ್ ಸರಕಾರ 1932ರಲ್ಲಿ ಅದೇ ರೈಲ್ವೆಯ ಒಂದು ಶಾಖೆಯಾಗಿ, 27 ಬಸ್ಸುಗಳೊಡನೆ, ಮೋಟಾರು ಸಾರಿಗೆ ಆರಂಭಿಸಿತು. ಹಳಿಯನ್ನೂ ರಸ್ತೆಯನ್ನೂ ಒಂದೇ ಸಂಸ್ಥೆ ನೋಡಿಕೊಂಡ ಅಪರೂಪದ ಕಾಲವದು. ಆದರೂ ಗಾಲ್ಟನ್ನನ ಪಾಠ ಹಳಿಯಿಂದ ರಸ್ತೆಗೆ ಇಳಿಯಲಿಲ್ಲ, ಇಳಿಸುವಂಥ ಸಾಧನವೂ ಆಗ ಇರಲಿಲ್ಲ. ಚಿಂಚೋಳಿಗೆ ರೈಲೇ ಮುಟ್ಟಲಿಲ್ಲ. ಗುಡ್ಡ, ಕಾಡು, ಕೆಂಪು ನೆಲದ ಆ ತಾಲೂಕಿನ ಎಲ್ಲ ಸಾಗಣೆಯೂ ರಸ್ತೆಯ ಮೇಲೆಯೇ ನಿಂತಿದೆ. ಶಹಾಬಾದಿನ ಫರಸಿಯೂ ಮೊದಲು ರೈಲು ಹಿಡಿದು ದೂರದ ಊರುಗಳ ಅಂಗಳಕ್ಕೆ ಹೋಗಿ, ಆಮೇಲೆ ಲಾರಿಗೆ ಹೊರಳಿತು. ಖಣಿಯಿಂದ ತುಂಬಿ ಹೊರಟ ಮೂರು ಆಕ್ಸಲಿನ ಲಾರಿಯ ಒಟ್ಟು ಭಾರಕ್ಕೆ ಕಾನೂನು ಇಟ್ಟ ಮಿತಿ 2018ರಿಂದ 28.5 ಟನ್, ಮರಳಿ ಬರುವಾಗ ಅದರ ಮೂರನೇ ಒಂದು ಪಾಲಿನಷ್ಟು. ವ್ಯಾಗನ್ನಿನ ತೊಡಕೇ ಇಲ್ಲೂ ಇದೆ. ಬ್ರೇಕಿನ ಲೆಕ್ಕ ತುಂಬಿದ ಲಾರಿಗೆ ಹಾಕಿದ್ದು, ಖಾಲಿ ಲಾರಿಯ ಹಿಂದಿನ ಗಾಲಿಗಳು ಅದಕ್ಕೆ ಬೇಗ ಜಾಮ್ ಆಗುತ್ತವೆ, ಹಿಂದಿನ ಗಾಲಿ ಜಾಮ್ ಆದ ಲಾರಿಯ ಬಾಲ ಪಕ್ಕಕ್ಕೆ ಬೀಸುತ್ತದೆ. ಮುಂದಿನವು ಜಾಮ್ ಆದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗುತ್ತದೆ. ಇದರ ಮೇಲೆ ಈ ಸೀಮೆಯ ನೆಲ. ಕಾರ್ಖಾನೆ, ಖಣಿಗಳ ಆಸುಪಾಸು ರಸ್ತೆಯ ಮೇಲೆ ಸುಣ್ಣದ ಕಲ್ಲಿನ ದೂಳು. ಮೊದಲ ಮಳೆಗೆ ಅದು ಲೇಪವಾಗುತ್ತದೆ. ತೊಗರಿಯ ಹೊಲದಿಂದ ಏರಿದ ಟ್ರ್ಯಾಕ್ಟರು ಗಾಲಿಗೆ ಅಂಟಿದ ಎರೆಮಣ್ಣನ್ನು ಡಾಂಬರಿನ ಮೇಲೆ ಉದುರಿಸಿ ಹೋಗುತ್ತದೆ. ಒಂದು ಬದಿಯ ಗಾಲಿ ಒಣ ಡಾಂಬರಿನ ಮೇಲೆ, ಇನ್ನೊಂದು ಬದಿಯದು ಹಸಿ ಮಣ್ಣಿನ ಮೇಲೆ ಇರುವಾಗ ಬ್ರೇಕು ಒತ್ತಿದರೆ ಗಾಡಿ ತಿರುಚಿಕೊಳ್ಳುತ್ತದೆ. ಪ್ರತಿ ಗಾಲಿಯನ್ನೂ ಬೇರೆಯಾಗಿ ನೋಡುವ ಯಂತ್ರವೊಂದೇ ಅಲ್ಲಿ ನೆರವಾಗಬಲ್ಲದು. ಭಾರಿ ಲಾರಿಗಳಿಗೆ ನಮ್ಮ ದೇಶದಲ್ಲಿ ಎಬಿಎಸ್ ವ್ಯಾಪಕವಾಗಿ ಕಡ್ಡಾಯವಾದದ್ದು 2015ರಲ್ಲಿ. ಸಿರಿವಂತರ ಕಾರಿಗೆ ಬಂದ 37 ವರ್ಷಕ್ಕೆ.

ಇದಕ್ಕೆ ಎದುರು ಮಾತುಗಳಿವೆ, ಅವು ಹಗುರವಾದವಲ್ಲ. ಪಳಗಿದ ಡ್ರೈವರಿಗೆ ಯಂತ್ರ ಬೇಡ, ಅವನು ಪೆಡಲನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಅದೇ ಕೆಲಸ ಮಾಡುತ್ತಾನೆ ಎಂಬುದು ಒಂದು. ಅಂಥ ಪಳಗಿದ ಕೈಯವರು ಇಲ್ಲಿ ಬಹಳ ಮಂದಿಯಿದ್ದಾರೆ, ಅವರ ನೈಪುಣ್ಯಕ್ಕೆ ನನಗೆ ಗೌರವವಿದೆ. ಆದರೆ ಪೆಡಲು ಒಂದೇ. ಅದನ್ನು ಬಿಟ್ಟರೆ ಜಾರದ ಗಾಲಿಗಳ ಹಿಡಿತವೂ ಹೋಗುತ್ತದೆ. ಜಾರುವ ಗಾಲಿಯೊಂದನ್ನೇ ಆರಿಸಿ ಬಿಡುವುದು ಯಾವ ಕಾಲಿಗೂ ಸಾಧ್ಯವಿಲ್ಲ. ಸಡಿಲ ಜಲ್ಲಿ, ಮಣ್ಣಿನ ಮೇಲೆ ಎಬಿಎಸ್ ಇದ್ದ ಗಾಡಿ ಇನ್ನೂ ದೂರ ಓಡುತ್ತದೆ ಎಂಬುದು ಇನ್ನೊಂದು ಮಾತು, ಮತ್ತು ಅದು ನಿಜ. ಜಾಮ್ ಆದ ಗಾಲಿ ತನ್ನ ಮುಂದೆ ಮಣ್ಣಿನ ದಿಬ್ಬ ಒಟ್ಟಿಕೊಂಡು ಬೇಗ ನಿಲ್ಲುತ್ತದೆ, ತಿರುಗುವ ಗಾಲಿ ಆ ದಿಬ್ಬವನ್ನು ಹತ್ತಿ ಹೋಗುತ್ತದೆ. ಖಣಿಯೊಳಗಿನ ಕಚ್ಚಾ ದಾರಿಯಲ್ಲಿ ಈ ಆಕ್ಷೇಪ ನಿಲ್ಲುತ್ತದೆ. ಆದರೆ ಅಲ್ಲಿ ವೇಗ ಕಡಿಮೆ. ಹೆದ್ದಾರಿಯ ವೇಗದಲ್ಲಿ ಸ್ಟೇರಿಂಗ್ ಕೈಯಲ್ಲಿ ಉಳಿಯುವುದರ ಬೆಲೆ ಆ ನಷ್ಟಕ್ಕಿಂತ ಹೆಚ್ಚು. ಮೂರನೆಯದು ಎಲ್ಲಕ್ಕಿಂತ ಗಟ್ಟಿ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಹಾಕಿ, ಕೆಲವಕ್ಕೆ ಹಾಕದೆ ಹೋಲಿಸಿದಾಗ ಅಪಘಾತಗಳು ಕಡಿಮೆಯಾಗಲಿಲ್ಲ. ಯಂತ್ರದ ಧೈರ್ಯದಲ್ಲಿ ಡ್ರೈವರುಗಳು ಹೆಚ್ಚು ಬಿರುಸಾಗಿ ಓಡಿಸಿದರು. ಅಮೆರಿಕದ ಸಾರಿಗೆ ಸುರಕ್ಷತೆಯ ಸರಕಾರಿ ಸಂಸ್ಥೆ 2009ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನದಲ್ಲೂ ಕಾರುಗಳ ಎಬಿಎಸ್ ಸಾವಿನ ಅಪಘಾತಗಳ ಒಟ್ಟು ಸಂಖ್ಯೆಯ ಮೇಲೆ ಹೆಚ್ಚು ಕಡಿಮೆ ಯಾವ ಪರಿಣಾಮವನ್ನೂ ಮಾಡಿರಲಿಲ್ಲ. ಜೀವಹಾನಿಯಾಗದ ಅಪಘಾತಗಳು ಮಾತ್ರ 6ರಿಂದ 8 ಪ್ರತಿಶತ ಇಳಿದಿದ್ದವು. ಎಬಿಎಸ್ ಪವಾಡ ಮಾಡುತ್ತದೆ ಎಂದು ಮಾರುವವರಿಗೆ ಈ ಅಂಕೆಗಳು ಸರಿಯಾದ ಉತ್ತರ.

ಈ ಅಂಕೆಗಳೇ ನನ್ನ ವಾದವನ್ನು ಮುಂದಕ್ಕೆ ಒಯ್ಯುತ್ತವೆ ಎಂದು ನಾನು ತಿಳಿದಿದ್ದೇನೆ. ನಾಲ್ಕು ಗಾಲಿಯ ಕಾರು ಜಾರಿದರೂ ಬೀಳುವುದಿಲ್ಲ, ಒಳಗಿರುವವರಿಗೆ ತಗಡಿನ ಕವಚವಿದೆ. ಎರಡು ಗಾಲಿಯ ಗಾಡಿಯ ಮುಂದಿನ ಗಾಲಿ ಜಾಮ್ ಆದರೆ ಅರೆ ಕ್ಷಣದಲ್ಲಿ ಗಾಡಿ ನೆಲದ ಮೇಲಿರುತ್ತದೆ, ಸವಾರ ಅದಕ್ಕೂ ಮುಂದೆ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ ಎಬಿಎಸ್ ಇರುವ ಬೈಕುಗಳಲ್ಲಿ ಸಾವಿನ ಅಪಘಾತಗಳು ಸುಮಾರು 22 ಪ್ರತಿಶತ ಕಡಿಮೆ. ಅಂದರೆ ಸಾಧನದ ಫಲ ಅತಿ ಕಡಿಮೆ ಕಂಡದ್ದು ಅದನ್ನು ಮೊದಲು ಪಡೆದ ಕಾರುಗಳಲ್ಲಿ, ಅತಿ ಹೆಚ್ಚು ಕಂಡದ್ದು ಕಡೆಗೆ ಪಡೆದ ಬೈಕುಗಳಲ್ಲಿ. ನಮ್ಮಲ್ಲಿ 2018ರ ಏಪ್ರಿಲ್ 1ರಿಂದ ಹೊಸ ಮಾದರಿಗಳಿಗೆ, 2019ರ ಏಪ್ರಿಲ್ 1ರಿಂದ ಎಲ್ಲಕ್ಕೂ, 125 ಸಿಸಿ ಮೀರಿದ ಬೈಕುಗಳಲ್ಲಿ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಸಣ್ಣವಕ್ಕೆ ಮುಂದಿನ ಹಿಂದಿನ ಬ್ರೇಕುಗಳನ್ನು ಕೂಡಿಸುವ ಸರಳ ಏರ್ಪಾಡು ಸಾಕೆಂದಾಯಿತು. ಆ ಏರ್ಪಾಡು ಒತ್ತಡ ಹಂಚುತ್ತದೆ, ಗಾಲಿ ಜಾರಿದರೆ ಬಿಡುವುದಿಲ್ಲ. ಅದಕ್ಕೆ ಗಾಲಿಯ ವೇಗವೇ ಗೊತ್ತಿಲ್ಲ. ಕಾರ್ಖಾನೆಯ ಪಾಳಿಗೆ ಹೋಗುವವರು, ಖಣಿಯ ಕೆಲಸಗಾರರು, ಹಾಲು ತರಕಾರಿ ತರುವವರು ಹೆಚ್ಚಾಗಿ ಏರುವುದು 100, 110, 125 ಸಿಸಿಯ ಗಾಡಿಗಳನ್ನೇ. ಬೆಲೆ ಏರುತ್ತದೆ ಎಂಬುದು ಇದಕ್ಕೆ ಕೊಟ್ಟ ಕಾರಣ. ಬಡವನಿಗೆ ಕೆಲವು ಸಾವಿರ ರೂಪಾಯಿ ಹೊರೆಯೇ ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದು ಕಾಲು ಮುರಿದರೆ ದಿನಗೂಲಿಯ ಮನೆ ತಿಂಗಳುಗಟ್ಟಲೆ ತೆರುವ ಬೆಲೆ ಅದಕ್ಕಿಂತ ಬಹಳ ಹೆಚ್ಚು, ಮತ್ತು ಅದು ಗಾಡಿಯ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ. 2025ರಲ್ಲಿ ಕೇಂದ್ರ ಸರಕಾರ ಸಣ್ಣ ಗಾಡಿಗಳಿಗೂ ಎಬಿಎಸ್ ವಿಸ್ತರಿಸುವ ಕರಡು ಹೊರಡಿಸಿದಾಗ ಎದ್ದ ಚರ್ಚೆಯಲ್ಲಿ ಬೆಲೆಯ ಮಾತೇ ಮತ್ತೆ ಮುಂದೆ ಬಂತು.

ಕಾನೂನು ಬಂದ ಮಾತ್ರಕ್ಕೆ ರಕ್ಷಣೆ ಬಂದಂತಾಗುವುದಿಲ್ಲ ಎಂಬುದನ್ನೂ ಇಲ್ಲಿನ ದೂಳು ಹೇಳುತ್ತದೆ. ಲಾರಿಯ ಗಾಲಿಯಲ್ಲಿ ಸಾಮಾನ್ಯವಾಗಿ 100 ಹಲ್ಲಿನ ಉಂಗುರವಿರುತ್ತದೆ. ಸೆನ್ಸರನ್ನು ಒಂದು ಬಿಗಿ ಕೊಳವೆಯೊಳಗೆ ಉಂಗುರಕ್ಕೆ ತಾಗುವವರೆಗೆ ಒತ್ತಿ ಕೂರಿಸುತ್ತಾರೆ, ಗಾಲಿ ಸುತ್ತಿದಾಗ ಅದು ತನಗೆ ಬೇಕಾದಷ್ಟೇ ಹಿಂದೆ ಸರಿಯುತ್ತದೆ. ಬೇರಿಂಗು ಸಡಿಲವಾದರೆ ಅಂತರ ಹೆಚ್ಚಿ ಮಿಡಿತ ಕ್ಷೀಣಿಸುತ್ತದೆ. ಸುಣ್ಣದ ಕಲ್ಲಿನ ದೂಳು ಅಯಸ್ಕಾಂತಕ್ಕೆ ಅಂಟುವಂಥದ್ದಲ್ಲ, ಒಣಗಿದ್ದಾಗ ಅದರಿಂದ ಹೆಚ್ಚು ಕೇಡಿಲ್ಲ. ಸಿಮೆಂಟಿನ ದೂಳು ನೆಂದು ಗಟ್ಟಿಯಾಗಿ ಹಲ್ಲುಗಳ ಸಂದಿನಲ್ಲಿ ಕೂತರೆ, ಬ್ರೇಕಿನ ಕಬ್ಬಿಣದ ಚೂರು ಸೆನ್ಸರಿನ ತುದಿಗೆ ಅಂಟಿದರೆ ತೊಂದರೆ ಶುರು. ಆಗ ಯಂತ್ರ ತಾನು ಹಿಂದೆ ಸರಿದು, ಬ್ರೇಕನ್ನು ಹಳೆಯ ರೀತಿಯಲ್ಲಿ ಬಿಟ್ಟುಕೊಟ್ಟು, ಡ್ರೈವರಿನ ಎದುರು ಹಳದಿ ದೀಪ ಹೊತ್ತಿಸುತ್ತದೆ. ಬ್ರೇಕು ಹಿಡಿಯುತ್ತಲೇ ಇರುವುದರಿಂದ ದೀಪವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಲಾರಿ ವರ್ಷಗಟ್ಟಲೆ ಓಡಬಹುದು. ರೈಲಿನ ಡಬ್ಬಿಗೆ ಹಾಗಾಗದಂತೆ ನೋಡಲು ಡಿಪೋ ಇದೆ, ಪ್ರತಿ ಓಟದ ಮುಂಚೆ ತಪಾಸಣೆಯಿದೆ. ಲಾರಿಗೆ ಇರುವುದು ಫಿಟ್‌ನೆಸ್ ಸರ್ಟಿಫಿಕೇಟು. ಆ ತಪಾಸಣೆಯಲ್ಲಿ ಹಳದಿ ದೀಪ ಹೊತ್ತಿ ಆರುವುದನ್ನು ನೋಡುವುದಕ್ಕೂ ನಾಲ್ಕೂ ಕಡೆಯ ಸೆನ್ಸರಿನ ಮಿಡಿತವನ್ನು ಅಳೆಯುವುದಕ್ಕೂ ಕೆಲವು ನಿಮಿಷ ಸಾಕು.

ಇನ್ನು ಟ್ರ್ಯಾಕ್ಟರು ಮತ್ತು ಅದರ ಟ್ರಾಲಿ. ತೊಗರಿ, ಫರಸಿ, ಮರಳು, ಇಟ್ಟಿಗೆ, ಜಾತ್ರೆಗೆ ಹೊರಟ ಜನ, ಎಲ್ಲವನ್ನೂ ಹೊರುವ ಈ ಗಾಡಿಗೆ ಎಬಿಎಸ್ ಮಾತು ಇನ್ನೂ ದೂರ. ಅದರ ಟ್ರಾಲಿಗಳಲ್ಲಿ ಹಲವಕ್ಕೆ ತಮ್ಮದೇ ಬ್ರೇಕೂ ಇರುವುದಿಲ್ಲ. ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳೇ ಇಡೀ ಭಾರವನ್ನು ತಡೆಯಬೇಕು, ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಿನದನ್ನು ನೂಕುತ್ತದೆ. 1874ರಲ್ಲಿ ವಾಡಿಯಿಂದ ಹೊರಟ ರೈಲಿನ ಸ್ಥಿತಿ ಹೀಗೇ ಇತ್ತು: ತುದಿಗಳಲ್ಲಿ ಬ್ರೇಕು, ನಡುವೆ ಬರಿಯ ಭಾರ. ಪ್ರಯಾಣಿಕ ಗಾಡಿಯ ಉದ್ದಕ್ಕೂ ಬ್ರೇಕು ಇರಲೇಬೇಕೆಂದು ಕಾನೂನು ಹೇಳಿದ್ದು 1889ರಲ್ಲಿ. ಚಿಂಚೋಳಿಯ ಇಳಿಜಾರಿನಲ್ಲಿ ಕಬ್ಬು ತುಂಬಿಕೊಂಡು ಬರುವ ಟ್ರಾಲಿಗೆ ಸೆನ್ಸರು, ಕಂಪ್ಯೂಟರುಗಳಿಗಿಂತ ಮೊದಲು ಬೇಕಾದದ್ದು ಆ ಹಳೆಯ ಕಾನೂನು ಕೇಳಿದ್ದೇ: ಅದರ ಗಾಲಿಗೂ ಒಂದು ಬ್ರೇಕು, ಕೊಂಡಿ ಕಳಚಿದರೆ ತಾನೇ ಹಿಡಿಯುವಂಥದ್ದು.